ಶಿಕ್ಷೆಗೊಳಗಾದವರ ಅಪಾಯದ ಅಂದಾಜಿನಲ್ಲಿ ವೈಯಕ್ತಿಕ ಧೋರಣೆಯ ಪಾತ್ರ

ಅಪರಾಧ ಸಾಬೀತಾಗಿ ಶಿಕ್ಷೆಗೆ ಒಳಗಾದ ವ್ಯಕ್ತಿ ಮುಂದೆ ಮತ್ತೆ ಅಪರಾಧ ಮಾಡುವ ಸಂಭವ ಎಷ್ಟಿದೆ ಎಂದು ತೀರ್ಮಾನಿಸುವುದೇ ಅಪಾಯದ ಅಂದಾಜು. ನ್ಯಾಯಾಧೀಶರು, ದಂಡಾಧಿಕಾರಿಗಳು, ಪೊಲೀಸರು, ಜೈಲು ಅಧಿಕಾರಿಗಳು, ಪರಿವೀಕ್ಷಣಾಧಿಕಾರಿಗಳು ಮತ್ತು ಮನೋವೈದ್ಯರು ಇದನ್ನು ಕಚೇರಿಯ ಕೆಲಸವಾಗಿ ಮಾಡುತ್ತಾರೆ. ಕೆಲಸ ಕೊಡುವವರು, ಬಾಡಿಗೆಗೆ ಮನೆ ಕೊಡುವವರು, ಕೇರಿಯವರು ದಿನನಿತ್ಯದ ಬದುಕಿನಲ್ಲಿ ಮಾಡುತ್ತಾರೆ. ಅಂದಾಜಿಗೆ ಎರಡು ಮೂಲಗಳಿವೆ. ಒಂದು, ಆ ವ್ಯಕ್ತಿಯ ಬಗ್ಗೆ ದೊರೆಯುವ ಸಂಗತಿಗಳು: ವಯಸ್ಸು, ಹಿಂದಿನ ಪ್ರಕರಣಗಳು, ಬಿಡುಗಡೆಯಾದ ಮೇಲೆ ಕಳೆದ ಕಾಲ, ದುಡಿಮೆ, ಕುಟುಂಬ, ಕುಡಿತ. ಇನ್ನೊಂದು, ಅಂದಾಜು ಮಾಡುವವರಲ್ಲಿ ಮೊದಲೇ ನೆಲೆಸಿರುವ ಧೋರಣೆ: ಅಪರಾಧಿಗಳ ಬಗೆಗಿನ ಭಯ, ಸಿಟ್ಟು, ಕನಿಕರ, ಮನುಷ್ಯ ಬದಲಾಗಬಲ್ಲ ಎಂಬ ನಂಬಿಕೆ ಅಥವಾ ಅಪನಂಬಿಕೆ, ಜಾತಿ ಮತ್ತು ಬಡತನದ ಕುರಿತ ಪೂರ್ವಗ್ರಹ. ಒಂದೇ ಕಡತವನ್ನು ಓದಿದ ಇಬ್ಬರು ಬೇರೆ ಬೇರೆ ತೀರ್ಮಾನಕ್ಕೆ ಬರುವುದಕ್ಕೆ ಬಹುಮಟ್ಟಿಗೆ ಈ ಎರಡನೆಯ ಮೂಲವೇ ಕಾರಣ.

ತುಮಕೂರು ಜಿಲ್ಲೆಯ ಮಧುಗಿರಿ ಕಂದಾಯ ಉಪವಿಭಾಗದಲ್ಲಿ ಮಧುಗಿರಿ, ಸಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಿವೆ. ಮಧುಗಿರಿಯಲ್ಲಿ ಉಪವಿಭಾಗಾಧಿಕಾರಿ ಕಚೇರಿಯೂ ಹೆಚ್ಚುವರಿ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯವೂ ಇವೆ. ಪಾವಗಡ ತಾಲ್ಲೂಕಿನ ಬಹುಪಾಲು ಗಡಿ ಆಂಧ್ರಪ್ರದೇಶಕ್ಕೆ ತಾಗಿದೆ. ಒಬ್ಬರು ಇನ್ನೊಬ್ಬರನ್ನು ಮನೆತನ, ಊರು, ಜಾತಿಯಿಂದ ಗುರುತಿಸುವ ಇಂಥ ಗ್ರಾಮೀಣ ಪ್ರದೇಶದಲ್ಲಿ ಅಪಾಯದ ಅಂದಾಜು ಹೇಗೆ ರೂಪುಗೊಳ್ಳುತ್ತದೆ ಎಂಬುದು ಕಾನೂನಿನ ಪುಸ್ತಕದಿಂದ ಮಾತ್ರ ತಿಳಿಯುವುದಿಲ್ಲ.

ಅಂದಾಜು ನಡೆಯುವ ಹಂತಗಳು

ಶಿಕ್ಷೆಗೊಳಗಾದ ವ್ಯಕ್ತಿಯ ಬದುಕಿನಲ್ಲಿ ಈ ಪ್ರಶ್ನೆ ಹಲವು ಸಲ ಎದುರಾಗುತ್ತದೆ. ಮೊದಲನೆಯದು ಶಿಕ್ಷೆಯ ಪ್ರಮಾಣ ನಿರ್ಧರಿಸುವ ಸಮಯ. 1958ರ ಅಪರಾಧಿಗಳ ಪ್ರೊಬೇಷನ್ ಕಾಯ್ದೆಯ ಪ್ರಕಾರ, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ವಿಧಿಸಬಹುದಾದ ಅಪರಾಧಗಳನ್ನು ಬಿಟ್ಟು ಉಳಿದವುಗಳಲ್ಲಿ ನ್ಯಾಯಾಲಯವು ಅಪರಾಧಿಯನ್ನು ಜೈಲಿಗೆ ಕಳಿಸದೆ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ವಯಸ್ಸು 21 ತುಂಬಿರದಿದ್ದರೆ ಪರಿವೀಕ್ಷಣಾಧಿಕಾರಿಯ ವರದಿ ತರಿಸಿಕೊಳ್ಳಬೇಕು. ಜೈಲು ಶಿಕ್ಷೆಯೇ ಸರಿ ಎನಿಸಿದರೆ ಅದಕ್ಕೆ ಕಾರಣ ಬರೆಯಬೇಕು. ಆ ವರದಿಯನ್ನು ಸಿದ್ಧಪಡಿಸುವ ಅಧಿಕಾರಿ ಯಾರನ್ನು ಮಾತನಾಡಿಸುತ್ತಾರೆ, ಯಾರ ಮಾತಿಗೆ ತೂಕ ಕೊಡುತ್ತಾರೆ ಎಂಬುದರ ಮೇಲೆ ಒಬ್ಬ ಹುಡುಗನ ಮುಂದಿನ ಬದುಕು ನಿಂತಿರುತ್ತದೆ.

ಎರಡನೆಯದು ಪೆರೋಲ್ ಮತ್ತು ಅವಧಿಪೂರ್ವ ಬಿಡುಗಡೆ. ಸಜಾಬಂದಿಯೊಬ್ಬ ಪೆರೋಲ್ ಕೇಳಿದಾಗ ಜೈಲಿನಿಂದ ಅವನ ಊರಿನ ಠಾಣೆಗೆ ಪತ್ರ ಹೋಗುತ್ತದೆ. ಪೊಲೀಸರು ಹಳ್ಳಿಗೆ ಹೋಗಿ ಮನೆಯವರನ್ನು, ಅಕ್ಕಪಕ್ಕದವರನ್ನು, ನೊಂದ ಕುಟುಂಬದವರನ್ನು ವಿಚಾರಿಸಿ ವರದಿ ಕಳಿಸುತ್ತಾರೆ. ‘ಬಿಟ್ಟರೆ ಊರಿನ ಶಾಂತಿಗೆ ಭಂಗ ಬರುತ್ತದೆ’ ಎಂಬ ಒಂದು ಸಾಲು ಅರ್ಜಿ ತಿರಸ್ಕಾರವಾಗಲು ಸಾಕಾಗಬಹುದು. ನೊಂದ ಕುಟುಂಬದ ಭಯಕ್ಕೆ ಸಕಾರಣವಿದ್ದರೆ ಅದು ನಿಜವಾಗಿ ಗಮನಿಸಬೇಕಾದ ಸಂಗತಿ. ಆದರೆ ಯಾವ ಘಟನೆಯಿಂದ, ಯಾರ ಹೇಳಿಕೆಯಿಂದ ಆ ಸಾಲು ಬಂತು ಎಂಬುದು ವರದಿಯಲ್ಲಿ ಇಲ್ಲದಿದ್ದರೆ ಅದು ಸಂಗತಿಯೋ ಧೋರಣೆಯೋ ಎಂದು ಓದುವವರಿಗೆ ತಿಳಿಯುವುದಿಲ್ಲ.

ಮೂರನೆಯದು ಬಿಡುಗಡೆಯ ನಂತರದ ನಿಗಾ. ಕರ್ನಾಟಕ ಪೊಲೀಸ್ ಕೈಪಿಡಿಯ ಪ್ರಕಾರ ಠಾಣೆಗಳಲ್ಲಿ ರೌಡಿ ಪಟ್ಟಿ ಇಡಲಾಗುತ್ತದೆ. ಅದಕ್ಕೆ ಹೆಸರು ಸೇರಲು ಶಿಕ್ಷೆ ಆಗಿರಲೇಬೇಕೆಂದಿಲ್ಲ. ಚುನಾವಣೆ ಅಥವಾ ಗಣೇಶ ವಿಸರ್ಜನೆ ಹತ್ತಿರವಾದಾಗ ಪಟ್ಟಿಯಲ್ಲಿರುವವರನ್ನು ಠಾಣೆಗೆ ಕರೆಸುವುದು ರೂಢಿ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 55 ಮತ್ತು 56ನೇ ಕಲಂಗಳಡಿ, ಅಧಿಕಾರ ಪಡೆದ ಉಪವಿಭಾಗ ದಂಡಾಧಿಕಾರಿಯು ಒಬ್ಬನನ್ನು ಎರಡು ವರ್ಷ ಮೀರದಂತೆ ಗಡಿಪಾರು ಮಾಡಬಹುದು. 55ನೇ ಕಲಂ ‘ಅಪರಾಧ ಎಸಗಲಿರುವವರ’ ಕುರಿತಾದದ್ದು, ಅಂದರೆ ಇನ್ನೂ ನಡೆಯದ ಕೃತ್ಯವನ್ನು ಊಹಿಸಿ ಕ್ರಮ ಕೈಗೊಳ್ಳುವುದು. ಪಾವಗಡದಂಥ ಗಡಿ ತಾಲ್ಲೂಕಿನಲ್ಲಿ ಗಡಿಪಾರಾದವನು ಪಕ್ಕದ ಆಂಧ್ರದ ಹಳ್ಳಿಗೆ ಹೋಗಿ ನೆಲೆಸಿದರೆ ಅಪಾಯ ಕಡಿಮೆಯಾಗಿರುವುದಿಲ್ಲ, ಜಾಗ ಬದಲಿಸಿರುತ್ತದೆ. ಮನೆ, ದುಡಿಮೆ, ಹೆಂಡತಿ ಮಕ್ಕಳಿಂದ ದೂರವಾದ ಮನುಷ್ಯನಲ್ಲಿ ಅದು ಹೆಚ್ಚಲೂಬಹುದು.

ಜನಾಭಿಪ್ರಾಯ ಸಾಕ್ಷ್ಯವಾಗುವ ಬಗೆ

ಭಾರತದ ಸಾಕ್ಷ್ಯ ಕಾನೂನು ಪೂರ್ವಗ್ರಹದ ಅಪಾಯವನ್ನು ಚೆನ್ನಾಗಿ ಬಲ್ಲದು. ಕ್ರಿಮಿನಲ್ ವಿಚಾರಣೆಯಲ್ಲಿ ಆರೋಪಿಯ ದುರ್ನಡತೆಯ ಸಾಕ್ಷ್ಯ ಸಾಮಾನ್ಯವಾಗಿ ಅಪ್ರಸ್ತುತ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (2023) 259ನೇ ಕಲಂ ಪ್ರಕಾರ ಸೆಷನ್ಸ್ ನ್ಯಾಯಾಲಯದಲ್ಲಿ ಹಿಂದಿನ ಶಿಕ್ಷೆಯ ಆರೋಪವನ್ನು, ಹೊಸ ಪ್ರಕರಣದಲ್ಲಿ ಅಪರಾಧ ಸಾಬೀತಾಗುವವರೆಗೆ ಓದಿ ಹೇಳುವಂತಿಲ್ಲ. ಹಳೆಯ ಶಿಕ್ಷೆಯ ಸುದ್ದಿ ಕಿವಿಗೆ ಬಿದ್ದರೆ ಹೊಸ ಸಾಕ್ಷ್ಯವನ್ನು ತೂಗುವ ಮನಸ್ಸು ವಾಲುತ್ತದೆ ಎಂಬ ಅರಿವು ಈ ನಿಯಮದ ಹಿಂದಿದೆ.

ಆದರೆ ತಪ್ಪು ನಡೆದಿದೆಯೇ ಎಂಬ ಪ್ರಶ್ನೆಯಿಂದ ಮುಂದೆ ನಡೆಯಬಹುದೇ ಎಂಬ ಪ್ರಶ್ನೆಗೆ ಬಂದಾಗ ಇದೇ ಸಂಹಿತೆ ಬಾಗಿಲು ತೆರೆಯುತ್ತದೆ. 129ನೇ ಕಲಂ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 110) ರೂಢಿಗತ ಅಪರಾಧಿಗಳಿಂದ ಮೂರು ವರ್ಷದವರೆಗೆ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಳ್ಳುವ ಅಧಿಕಾರವನ್ನು ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಕೊಡುತ್ತದೆ. ಒಬ್ಬ ರೂಢಿಗತ ಅಪರಾಧಿ ಎಂಬುದನ್ನು ‘ಸಾಮಾನ್ಯ ಖ್ಯಾತಿ’ಯ ಸಾಕ್ಷ್ಯದಿಂದಲೂ ರುಜುವಾತುಪಡಿಸಬಹುದು ಎಂದು 135ನೇ ಕಲಂ ಹೇಳುತ್ತದೆ. ಊರಿನವರು ಅವನ ಬಗ್ಗೆ ಏನು ಮಾತಾಡಿಕೊಳ್ಳುತ್ತಾರೆ ಎಂಬುದೇ ಇಲ್ಲಿ ಸಾಕ್ಷ್ಯ. ಊರಿನ ಮಾತಿನಲ್ಲಿ ನಿಜವಾದ ಅನುಭವ ಇರುತ್ತದೆ. ಅದರ ಜತೆಗೆ ಹಳೆಯ ಜಮೀನು ತಗಾದೆ, ಪಂಚಾಯಿತಿ ಚುನಾವಣೆಯ ಪಾರ್ಟಿ ಜಗಳ, ಜಾತಿಯ ಮೇಲುಕೀಳು, ಯಾರೋ ಹೇಳಿದ್ದನ್ನು ಇನ್ಯಾರೋ ದೊಡ್ಡದು ಮಾಡಿದ್ದು ಎಲ್ಲವೂ ಬೆರೆತಿರುತ್ತವೆ. ಇವುಗಳನ್ನು ಬೇರ್ಪಡಿಸುವ ಹೊಣೆ ದಂಡಾಧಿಕಾರಿಯದು.

ಧೋರಣೆ ಕೆಲಸ ಮಾಡುವ ಬಗೆ

ಮನಶ್ಶಾಸ್ತ್ರದ ಅಧ್ಯಯನಗಳಿಂದ ಧೋರಣೆ ಅಂದಾಜಿನೊಳಗೆ ಸೇರುವ ನಾಲ್ಕು ದಾರಿಗಳನ್ನು ಗುರುತಿಸಬಹುದು. ಮೊದಲನೆಯದು ಭಾವನೆ. ಜನ ಅಪಾಯವನ್ನು ಸಂಖ್ಯೆಯಿಂದ ಅಳೆಯುವುದಕ್ಕಿಂತ ಹೆಚ್ಚಾಗಿ ಭೀತಿಯಿಂದ ಅಳೆಯುತ್ತಾರೆ ಎಂಬುದನ್ನು ಪಾಲ್ ಸ್ಲೋವಿಕ್ 1987ರ ತಮ್ಮ ಪ್ರಸಿದ್ಧ ಲೇಖನದಲ್ಲಿ ವಿವರಿಸಿದರು. ಅಸಹ್ಯ ಹುಟ್ಟಿಸುವ ಅಪರಾಧ ಮಾಡಿದವನು ಅದನ್ನು ಮತ್ತೆ ಮಾಡುವ ಸಂಭವವೂ ಹೆಚ್ಚು ಎಂದು ಮನಸ್ಸು ತಾನಾಗಿ ಭಾವಿಸುತ್ತದೆ. ವಾಸ್ತವದಲ್ಲಿ ಕೃತ್ಯದ ಘೋರತೆ ಬೇರೆ, ಮರುಕಳಿಸುವ ಸಂಭವ ಬೇರೆ. ಜಮೀನಿನ ಜಗಳದಲ್ಲಿ ಒಮ್ಮೆ ಕೊಲೆ ಮಾಡಿದ ನಡುವಯಸ್ಸಿನ ರೈತನಿಗಿಂತ ಹತ್ತಾರು ಸಲ ಸಿಕ್ಕಿಬಿದ್ದ ಕಿರಿಯ ಬೈಕ್ ಕಳ್ಳ ಮತ್ತೆ ಅಪರಾಧ ಮಾಡುವ ಸಂಭವ ಹೆಚ್ಚಿರಬಹುದು.

ಎರಡನೆಯದು ನೆನಪು. ಸುಲಭವಾಗಿ ನೆನಪಿಗೆ ಬರುವ ಘಟನೆಗಳು ಪದೇ ಪದೇ ನಡೆಯುತ್ತವೆ ಎಂದು ಮನಸ್ಸು ತಿಳಿಯುತ್ತದೆಂಬುದನ್ನು ಏಮಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನಮನ್ 1974ರಲ್ಲಿ ನಿರೂಪಿಸಿದರು. 2005ರ ಫೆಬ್ರವರಿಯಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಮೀಸಲು ಪೊಲೀಸ್ ತುಕಡಿಯ ಮೇಲೆ ನಕ್ಸಲರು ದಾಳಿ ಮಾಡಿ ಪೊಲೀಸರನ್ನು ಕೊಂದರು. ಇಂಥ ಘಟನೆಯ ನೋವು ವರ್ಷಗಟ್ಟಲೆ ಉಳಿಯುವುದು ಸಹಜ. ಆದರೆ ಆ ನೆನಪು, ಸಂಬಂಧವೇ ಇಲ್ಲದ ಸಣ್ಣಪುಟ್ಟ ಪ್ರಕರಣಗಳಲ್ಲಿ ಅದೇ ಸೀಮೆಯವರನ್ನು ಅಳೆಯುವಾಗ ಸೇರಿಕೊಂಡರೆ ಅಂದಾಜು ಕೆಡುತ್ತದೆ.

ಮೂರನೆಯದು ಮನುಷ್ಯ ಸ್ವಭಾವದ ಬಗೆಗಿನ ನಂಬಿಕೆ. ‘ಹುಟ್ಟುಗುಣ ಸುಟ್ಟರೂ ಹೋಗದು’, ‘ನಾಯಿ ಬಾಲ ಡೊಂಕು’ ಎಂಬ ಗಾದೆಗಳು ಕೇರಿಯಲ್ಲೂ ಕೇಳಿಬರುತ್ತವೆ, ಕಚೇರಿಯಲ್ಲೂ ಕೇಳಿಬರುತ್ತವೆ. ಕೊಲೆಗಡುಕ ಅಂಗುಲಿಮಾಲ ಬುದ್ಧನ ಮಾತಿಗೆ ಮನಸೋತು ಭಿಕ್ಷುವಾದ ಕತೆಯನ್ನೂ ಇದೇ ಜನ ಗೌರವದಿಂದ ಹೇಳುತ್ತಾರೆ. ಅಪರಾಧಿ ಬದಲಾಗಬಲ್ಲ ಎಂಬ ನಂಬಿಕೆಯ ಮಟ್ಟಕ್ಕೂ ಕಠಿಣ ಶಿಕ್ಷೆ ಬೇಕೆಂಬ ಆಗ್ರಹಕ್ಕೂ ಹತ್ತಿರದ ಸಂಬಂಧವಿದೆ ಎಂದು ಶ್ಯಾಡ್ ಮರೂನಾ ಮತ್ತು ಅನ್ನಾ ಕಿಂಗ್ ಅವರ ಬ್ರಿಟಿಷ್ ಅಧ್ಯಯನ (2009) ತೋರಿಸಿತು.

ನಾಲ್ಕನೆಯದು ಪಾತ್ರ ಮತ್ತು ಪಕ್ಷ. ಕೈದಿಗಳ ಬಗೆಗಿನ ಧೋರಣೆಯನ್ನು ಅಳೆಯಲು ಮೆಲ್ವಿನ್, ಗ್ರಾಮ್ಲಿಂಗ್ ಮತ್ತು ಗಾರ್ಡ್ನರ್ 1985ರಲ್ಲಿ 36 ಹೇಳಿಕೆಗಳ ಮಾಪನವೊಂದನ್ನು ರೂಪಿಸಿದರು. ಪೊಲೀಸ್ ವೃತ್ತಿಯವರಲ್ಲಿ ಧೋರಣೆ ಹೆಚ್ಚು ಕಠಿಣವಾಗಿಯೂ ಜೈಲು ಸುಧಾರಣೆಗೆ ದುಡಿಯುವವರಲ್ಲಿ ಮೃದುವಾಗಿಯೂ ಕಂಡಿತು. ತರಬೇತಿ ಪಡೆದ ತಜ್ಞರೂ ಇದರಿಂದ ಹೊರತಲ್ಲ. ಡೇನಿಯಲ್ ಮರಿ ಮತ್ತು ಸಂಗಡಿಗರು 2013ರಲ್ಲಿ ನೂರಕ್ಕೂ ಹೆಚ್ಚು ಮನಶ್ಶಾಸ್ತ್ರಜ್ಞರಿಗೆ ಮತ್ತು ಮನೋವೈದ್ಯರಿಗೆ ಒಂದೇ ಬಗೆಯ ಕಡತಗಳನ್ನು ಕೊಟ್ಟು, ಕೆಲವರಿಗೆ ಸರ್ಕಾರದ ಪರ, ಉಳಿದವರಿಗೆ ಆರೋಪಿಯ ಪರ ನೇಮಕವಾಗಿದೆ ಎಂದು ತಿಳಿಸಿದರು. ಸರ್ಕಾರದ ಪರ ಎಂದು ನಂಬಿದವರು ಸರಾಸರಿಯಲ್ಲಿ ಹೆಚ್ಚಿನ ಅಪಾಯದ ಅಂಕಗಳನ್ನು ಕೊಟ್ಟರು.

ಇಡೀ ಸಮುದಾಯಕ್ಕೆ ಹಚ್ಚಿದ ಮುದ್ರೆ

ಧೋರಣೆಯೇ ಕಾನೂನಾದ ಅತ್ಯಂತ ಕ್ರೂರ ಉದಾಹರಣೆ ಭಾರತದಲ್ಲೇ ಇದೆ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಲು ಅವಕಾಶ ಕೊಟ್ಟಿತು. 1911ರ ಕಾಯ್ದೆಯ ನಂತರ ಅದು ಮದ್ರಾಸ್ ಪ್ರಾಂತ್ಯದಲ್ಲೂ ಜಾರಿಗೆ ಬಂತು. ಈ ನಾಲ್ಕು ತಾಲ್ಲೂಕುಗಳ ಪಕ್ಕದ ಅನಂತಪುರ ಸೀಮೆ ಆಗ ಆ ಪ್ರಾಂತ್ಯದಲ್ಲಿತ್ತು. ಕೊರಚ, ಕೊರಮ, ಯೆರುಕಲ ಎಂಬ ಹೆಸರುಗಳಲ್ಲಿ ಕರೆಸಿಕೊಳ್ಳುವ ಜನರಲ್ಲಿ ಅನೇಕರು ಎತ್ತು ಕತ್ತೆಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರು ವ್ಯಾಪಾರ ಮಾಡುತ್ತಿದ್ದರು, ಬುಟ್ಟಿ ಹೆಣೆಯುತ್ತಿದ್ದರು. ರೈಲು ಬಂದು, ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಗಿ ಅವರ ವ್ಯಾಪಾರ ಕುಸಿಯಿತು. ನೆಲೆ ಇಲ್ಲದೆ ತಿರುಗುವವರ ಮೇಲೆ ಆಡಳಿತಕ್ಕಿದ್ದ ಅನುಮಾನವು ಅವರಿಗೆ ಅಪರಾಧಿಗಳೆಂಬ ಹೆಸರು ಕೊಟ್ಟಿತು. ಠಾಣೆಯ ಹಾಜರಿ, ಓಡಾಟಕ್ಕೆ ಪಾಸು, ಕಾವಲಿನಲ್ಲಿ ನೆಲೆಗೊಳಿಸುವ ಸೆಟ್ಲ್‌ಮೆಂಟುಗಳು ಬಂದವು. ಹುಬ್ಬಳ್ಳಿ ಮತ್ತು ಗದಗದಲ್ಲಿ ಸೆಟ್ಲ್‌ಮೆಂಟ್ ಎಂಬ ಬಡಾವಣೆಯ ಹೆಸರು ಇಂದಿಗೂ ಉಳಿದಿದೆ.

1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ಅದರ ಜಾಗದಲ್ಲಿ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆಗಳನ್ನು ತಂದವು, ಕರ್ನಾಟಕದ್ದು 1961ರದು. ಕಾಗದದ ಮೇಲೆ ಸಮುದಾಯದ ಬದಲು ವ್ಯಕ್ತಿ ಬಂದರೂ ಅನುಮಾನ ಹಳೆಯ ಕೇರಿಗಳತ್ತಲೇ ಹರಿಯಿತು. 2024ರ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಜೈಲು ಕೈಪಿಡಿಗಳಲ್ಲಿನ ಜಾತಿ ಆಧಾರಿತ ನಿಯಮಗಳನ್ನು ಅಸಾಂವಿಧಾನಿಕವೆಂದು ಸಾರಿತು. ರೂಢಿಗತ ಅಪರಾಧಿ ಎಂಬ ವರ್ಗೀಕರಣವನ್ನು ಅಲೆಮಾರಿ ಮತ್ತು ವಿಮುಕ್ತ (ಹಳೆಯ ಪಟ್ಟಿಯಿಂದ ಬಿಡುಗಡೆಯಾದ) ಸಮುದಾಯಗಳ ಮೇಲೆ ಹೇರುವುದನ್ನು ಅದು ತೀವ್ರವಾಗಿ ಪ್ರಶ್ನಿಸಿತು. ಕಳ್ಳತನ ನಡೆದ ಮರುದಿನ ಮೊದಲು ಯಾವ ಕೇರಿಯ ಬಾಗಿಲು ಬಡಿಯಲಾಗುತ್ತದೆ ಎಂಬುದು ಅಂಕಿಅಂಶವನ್ನೂ ರೂಪಿಸುತ್ತದೆ. ಹುಡುಕಿದ ಕಡೆ ಪ್ರಕರಣಗಳು ದಾಖಲಾಗುತ್ತವೆ, ದಾಖಲಾದ ಪ್ರಕರಣಗಳು ಮುಂದಿನ ಅನುಮಾನಕ್ಕೆ ಆಧಾರವಾಗುತ್ತವೆ.

ತಪ್ಪು ಅಂದಾಜು ಬಯಲಾಗದಿರುವ ಕಾರಣ

ಅನುಭವ ಹೆಚ್ಚಿದಂತೆ ಅಂದಾಜು ತಾನಾಗಿ ಸರಿಹೋಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಈ ಕ್ಷೇತ್ರದಲ್ಲಿ ಅದು ನಿಲ್ಲುವುದಿಲ್ಲ. ಬಿಟ್ಟ ವ್ಯಕ್ತಿ ಮತ್ತೆ ಅಪರಾಧ ಮಾಡಿದರೆ ಪತ್ರಿಕೆಯಲ್ಲಿ ಬರುತ್ತದೆ, ಬಿಟ್ಟವರ ಮೇಲೆ ಪ್ರಶ್ನೆ ಏಳುತ್ತದೆ. ನಿರಪಾಯಿಯಾಗಿ ಬದುಕಬಹುದಾಗಿದ್ದವನನ್ನು ಒಳಗೇ ಇರಿಸಿದರೆ ಆ ತಪ್ಪು ಎಲ್ಲಿಯೂ ದಾಖಲಾಗುವುದಿಲ್ಲ, ಏಕೆಂದರೆ ತಾನು ನಿರಪಾಯಿ ಎಂದು ತೋರಿಸುವ ಅವಕಾಶವೇ ಅವನಿಗೆ ಬರುವುದಿಲ್ಲ. ಹೀಗಾಗಿ ಅನುಮಾನದ ಧೋರಣೆಗೆ ಸದಾ ಪುಷ್ಟಿ ದೊರೆಯುತ್ತದೆ, ತಿದ್ದುಪಡಿ ದೊರೆಯುವುದಿಲ್ಲ.

ಸರಳ ಲೆಕ್ಕವೊಂದು ಇದರ ಗಾತ್ರವನ್ನು ತೋರಿಸುತ್ತದೆ. ಬಿಡುಗಡೆಗೆ ಅರ್ಹರಾದ 100 ಮಂದಿಯಲ್ಲಿ 10 ಮಂದಿ ಮತ್ತೆ ಅಪರಾಧ ಮಾಡುತ್ತಾರೆ, ಅಂದಾಜು ಮಾಡುವವರು ಶೇ. 80ರಷ್ಟು ಸಲ ಸರಿ ಹೇಳುತ್ತಾರೆ ಎಂದಿಟ್ಟುಕೊಳ್ಳಬಹುದು. ಆಗ ಆ 10 ಮಂದಿಯಲ್ಲಿ 8 ಮಂದಿಯನ್ನು ಅಪಾಯಕಾರಿ ಎಂದು ಸರಿಯಾಗಿ ಗುರುತಿಸಲಾಗುತ್ತದೆ. ಉಳಿದ 90 ಮಂದಿಯಲ್ಲಿ 18 ಮಂದಿಗೂ ಅದೇ ಹಣೆಪಟ್ಟಿ ಬೀಳುತ್ತದೆ. ಅಪಾಯಕಾರಿ ಎನಿಸಿಕೊಂಡ 26 ಮಂದಿಯಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಮಂದಿ ಆ ಹೆಸರಿಗೆ ತಕ್ಕವರಲ್ಲ.

ಅಮೆರಿಕದಲ್ಲಿ ಈ ಕಾಣದ ತಪ್ಪು ಒಮ್ಮೆ ಕಾಣಿಸಿಕೊಂಡಿತು. 1966ರ ಬ್ಯಾಕ್ಸ್ಟ್ರಮ್ ತೀರ್ಪಿನಿಂದಾಗಿ, ಅಪಾಯಕಾರಿ ಎಂದು ನ್ಯೂಯಾರ್ಕ್‌ನ ಬಿಗಿ ಭದ್ರತೆಯ ಆಸ್ಪತ್ರೆಗಳಲ್ಲಿ ಇರಿಸಿದ್ದ ಸಾವಿರದ ಸಮೀಪ ಮಂದಿಯನ್ನು ಸಾಮಾನ್ಯ ಆಸ್ಪತ್ರೆಗಳಿಗೆ ಕಳಿಸಬೇಕಾಯಿತು. ಅವರನ್ನು ವರ್ಷಗಟ್ಟಲೆ ಗಮನಿಸಿದ ಹೆನ್ರಿ ಸ್ಟೆಡ್‌ಮನ್ ಮತ್ತು ಜೋಸೆಫ್ ಕೊಕೋಜಾ, ಬಹುಪಾಲು ಜನ ಹಿಂಸೆಗೆ ಇಳಿಯಲಿಲ್ಲವೆಂದು 1974ರಲ್ಲಿ ವರದಿ ಮಾಡಿದರು.

ಅಳತೆಯ ಸಾಧನಗಳು

ವೈಯಕ್ತಿಕ ಊಹೆಯ ಬದಲು ನಿಯಮಬದ್ಧ ಲೆಕ್ಕ ಬಳಸುವ ಪ್ರಯತ್ನ ಹಳೆಯದು. 1928ರಲ್ಲಿ ಅರ್ನೆಸ್ಟ್ ಬರ್ಜೆಸ್ ಇಲಿನಾಯ್ ರಾಜ್ಯದ ಪೆರೋಲ್ ಕಡತಗಳಿಂದ ಅಂಕಪಟ್ಟಿಯೊಂದನ್ನು ರೂಪಿಸಿದರು. 1954ರಲ್ಲಿ ಪಾಲ್ ಮೀಲ್, ಲೆಕ್ಕದ ವಿಧಾನ ಸಾಮಾನ್ಯವಾಗಿ ತಜ್ಞರ ಒಳಮನಸ್ಸಿನ ತೀರ್ಮಾನಕ್ಕೆ ಸಮನಾಗಿ ಅಥವಾ ಮಿಗಿಲಾಗಿ ಕೆಲಸ ಮಾಡುತ್ತದೆ ಎಂದು ವಾದಿಸಿದರು. 1990ರ ದಶಕದಲ್ಲಿ ಹಿಂಸೆಯ ಅಪಾಯಕ್ಕೆ ಎಚ್‌ಸಿಆರ್-20, ಲೈಂಗಿಕ ಅಪರಾಧಗಳಿಗೆ ಸ್ಟ್ಯಾಟಿಕ್-99 ಮುಂತಾದವು ಬಂದವು. ಆದರೆ ಇಂಥ ಸಾಧನಗಳಲ್ಲೂ ಧೋರಣೆ ಅಡಗಿರಬಲ್ಲದು. ಬಂಧನಗಳ ಸಂಖ್ಯೆಯನ್ನು ಅಂಕಕ್ಕೆ ಸೇರಿಸಿದರೆ ಪೊಲೀಸರು ಹೆಚ್ಚು ಹುಡುಕುವ ಸಮುದಾಯದವರ ಅಂಕ ಏರುತ್ತದೆ. ಅಮೆರಿಕದ ನ್ಯಾಯಾಲಯಗಳು ಬಳಸುವ ಕಂಪಾಸ್ ಎಂಬ ಸಾಫ್ಟ್‌ವೇರ್, ಮತ್ತೆ ಅಪರಾಧ ಮಾಡದ ಕಪ್ಪು ಜನರನ್ನು ಬಿಳಿಯರಿಗಿಂತ ಹೆಚ್ಚಾಗಿ ಅಪಾಯಕಾರಿ ಎಂದು ತಪ್ಪಾಗಿ ಗುರುತಿಸುತ್ತಿದೆ ಎಂದು 2016ರಲ್ಲಿ ಪ್ರೊಪಬ್ಲಿಕಾ ವರದಿ ಮಾಡಿತು. ಅನ್ಯ ದೇಶದ ಜನರ ಮೇಲೆ ಪರೀಕ್ಷಿಸಿದ ಅಂಕಪಟ್ಟಿಯನ್ನು ಸಿರಾ ಅಥವಾ ಕೊರಟಗೆರೆಯ ಹಳ್ಳಿಯವರಿಗೆ ಹಾಗೆಯೇ ಅನ್ವಯಿಸುವುದು ಸಲ್ಲದು. ಅಲ್ಲಿನ ಒಂಟಿ ಬದುಕಿಗೂ ಇಲ್ಲಿನ ಕೂಡುಕುಟುಂಬಕ್ಕೂ ಅಪಾಯದ ಅಂಶಗಳು ಒಂದೇ ಆಗಿರುವುದಿಲ್ಲ.

ನ್ಯಾಯಾಲಯಗಳ ನಿಲುವು

ತೀರ್ಪು ನೀಡುವವರ ಧೋರಣೆಯ ಪ್ರಭಾವವನ್ನು ಸುಪ್ರೀಂ ಕೋರ್ಟ್ ಮುಚ್ಚಿಟ್ಟಿಲ್ಲ. ಕರ್ನಾಟಕದಿಂದ ಹೋದ ಸ್ವಾಮಿ ಶ್ರದ್ಧಾನಂದ ಪ್ರಕರಣದಲ್ಲಿ 2007ರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಅದೇ ಸಾಕ್ಷ್ಯದ ಮೇಲೆ ಬೇರೆಯಾದರು: ಒಬ್ಬರು ಜೀವಾವಧಿ ಸಾಕೆಂದರು, ಇನ್ನೊಬ್ಬರು ಮರಣದಂಡನೆ ಎತ್ತಿಹಿಡಿದರು. 2008ರಲ್ಲಿ ತ್ರಿಸದಸ್ಯ ಪೀಠವು, ಇಂಥ ಪ್ರಕರಣಗಳ ಫಲಿತಾಂಶ ಪೀಠದಲ್ಲಿ ಕುಳಿತವರ ವೈಯಕ್ತಿಕ ಒಲವನ್ನು ಸಾಕಷ್ಟು ಅವಲಂಬಿಸಿದೆ ಎಂದು ಒಪ್ಪಿಕೊಂಡು, ಶಿಕ್ಷೆಯ ಕಡಿತವಿಲ್ಲದ ಜೀವಾವಧಿ ಎಂಬ ನಡುದಾರಿಯನ್ನು ಹಿಡಿಯಿತು. ಅಪರಾಧಿ ಮುಂದೆಯೂ ಸಮಾಜಕ್ಕೆ ಅಪಾಯ, ಸುಧಾರಿಸಲಾರ ಎಂಬುದನ್ನು ಸರ್ಕಾರವೇ ಸಾಕ್ಷ್ಯದಿಂದ ತೋರಿಸಬೇಕು ಎಂದು ಬಚನ್ ಸಿಂಗ್ ಪ್ರಕರಣ (1980) ಹೇಳಿತ್ತು. ಅದಕ್ಕಾಗಿ ಜೈಲಿನ ನಡತೆ, ಮನೋವೈದ್ಯಕೀಯ ವರದಿ ತರಿಸಬೇಕೆಂದು ಮನೋಜ್ ಪ್ರಕರಣ (2022) ನಿರ್ದೇಶಿಸಿತು. ಅವಧಿಪೂರ್ವ ಬಿಡುಗಡೆಗೆ ಲಕ್ಷ್ಮಣ್ ನಸ್ಕರ್ ಪ್ರಕರಣವು (2000) ನಿಗದಿತ ಪ್ರಶ್ನೆಗಳನ್ನು ಕೊಟ್ಟಿತು: ಅಪರಾಧ ಇಡೀ ಸಮಾಜವನ್ನು ತಟ್ಟಿತ್ತೇ, ಮರುಕಳಿಸುವ ಸಂಭವವಿದೆಯೇ, ಅಪರಾಧ ಮಾಡುವ ಶಕ್ತಿ ಕುಂದಿದೆಯೇ, ಇನ್ನೂ ಒಳಗಿಡುವುದರಿಂದ ಪ್ರಯೋಜನವಿದೆಯೇ, ಕುಟುಂಬದ ಸ್ಥಿತಿ ಏನು.

ಗಡಿ ಸೀಮೆಗೆ ಮೋತಿರಾಮ್ ಪ್ರಕರಣ (1978) ವಿಶೇಷವಾಗಿ ಅನ್ವಯಿಸುತ್ತದೆ. ಬಡ ಗಾರೆ ಕೆಲಸಗಾರನೊಬ್ಬನ ಜಾಮೀನುದಾರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂಬ ಕಾರಣಕ್ಕೆ ಜಾಮೀನು ನಿರಾಕರಿಸಿದ್ದನ್ನು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ತಳ್ಳಿಹಾಕಿದರು. ನೆಂಟಸ್ತಿಕೆ ಎರಡೂ ರಾಜ್ಯಗಳಲ್ಲಿ ಹರಡಿರುವ ಪಾವಗಡ, ಮಧುಗಿರಿಯ ಕುಟುಂಬಗಳಲ್ಲಿ ಆಂಧ್ರದ ಹಿಂದೂಪುರ ಅಥವಾ ಮಡಕಶಿರಾದ ಮಾವನೇ ಜಾಮೀನಿಗೆ ನಿಲ್ಲಬಲ್ಲ ಏಕೈಕ ವ್ಯಕ್ತಿಯಾಗಿರಬಹುದು. ಹೊರಗಿನವನೆಂಬ ಅಪನಂಬಿಕೆ ಅಲ್ಲಿ ಅಪಾಯದ ಪುರಾವೆಯಾಗಬಾರದು.

ಕಾಲ, ಕೆಲಸ, ಊರು

ಅಪಾಯ ಕಾಲದೊಂದಿಗೆ ಇಳಿಯುತ್ತದೆ. ಹದಿಹರೆಯದ ಕೊನೆ ಮತ್ತು ಇಪ್ಪತ್ತರ ಆರಂಭದಲ್ಲಿ ಏರುವ ಅಪರಾಧದ ಪ್ರಮಾಣ ವಯಸ್ಸಾದಂತೆ ಕುಸಿಯುವುದು ಅನೇಕ ದೇಶಗಳಲ್ಲಿ ಕಂಡ ಸಂಗತಿ. ಆಲ್ಫ್ರೆಡ್ ಬ್ಲುಮ್‌ಸ್ಟೈನ್ ಮತ್ತು ಕಿಮಿನೊರಿ ನಕಮುರ ಅವರ ಅಧ್ಯಯನದಲ್ಲಿ (2009), ಹದಿನೆಂಟರಲ್ಲಿ ಮೊದಲ ಬಾರಿ ಬಂಧಿತರಾದವರು ಅಪರಾಧದ ಬಗೆಗೆ ತಕ್ಕಂತೆ ಸುಮಾರು 4ರಿಂದ 8 ವರ್ಷ ಮತ್ತೆ ಸಿಕ್ಕಿಬೀಳದೆ ಬದುಕಿದರೆ ಅವರ ಅಪಾಯ ಅದೇ ವಯಸ್ಸಿನ ಇತರರಷ್ಟಕ್ಕೆ ಇಳಿದಿತ್ತು. ಧೋರಣೆ ಮಾತ್ರ ಹೀಗೆ ತಾನಾಗಿ ಇಳಿಯುವುದಿಲ್ಲ. ಬ್ರಿಟನ್ನಿನ 1974ರ ಕಾಯ್ದೆ ನಿಗದಿತ ಅವಧಿಯ ನಂತರ ಅನೇಕ ಹಳೆಯ ಶಿಕ್ಷೆಗಳನ್ನು ಹೇಳಿಕೊಳ್ಳುವ ಅಗತ್ಯವನ್ನೇ ತೆಗೆದುಹಾಕಿತು. ಭಾರತದಲ್ಲಿ ಪ್ರೊಬೇಷನ್ ಕಾಯ್ದೆಯ 12ನೇ ಕಲಂ ಮತ್ತು ಬಾಲನ್ಯಾಯ ಕಾಯ್ದೆಯ 24ನೇ ಕಲಂ ಕೆಲವರಿಗೆ ಅನರ್ಹತೆಯಿಂದ ರಕ್ಷಣೆ ಕೊಡುತ್ತವೆ. ಸರ್ಕಾರಿ ನೌಕರಿಯ ವಿಷಯದಲ್ಲಿ, ಎಳೆಯ ವಯಸ್ಸಿನ ಕ್ಷುಲ್ಲಕ ಪ್ರಕರಣಗಳನ್ನು ಕಡೆಗಣಿಸಲು ಅವಕಾಶವಿದೆ ಎಂದು ಅವತಾರ್ ಸಿಂಗ್ ಪ್ರಕರಣ (2016) ಸ್ಪಷ್ಟಪಡಿಸಿತು.

ಖಾಸಗಿ ಕೆಲಸದಲ್ಲಿ ಇಂಥ ರಕ್ಷಣೆ ಇಲ್ಲ. ಡೆವಾ ಪೇಜರ್ ಮಿಲ್ವಾಕಿ ನಗರದಲ್ಲಿ ನಡೆಸಿದ ಪ್ರಯೋಗದಲ್ಲಿ (2003) ಒಂದೇ ಅರ್ಹತೆಯ ಬಿಳಿಯ ಅರ್ಜಿದಾರರಲ್ಲಿ ದಾಖಲೆ ಇಲ್ಲದವರಿಗೆ ಶೇ. 34, ಶಿಕ್ಷೆಯ ದಾಖಲೆ ಇದ್ದವರಿಗೆ ಶೇ. 17 ಕರೆ ಬಂದವು. ಕಪ್ಪು ಅರ್ಜಿದಾರರಲ್ಲಿ ಅವು ಶೇ. 14 ಮತ್ತು 5. ಎರಡು ಮುದ್ರೆಗಳು ಒಬ್ಬನ ಮೇಲೇ ಬಿದ್ದಾಗ ಬಾಗಿಲು ಬಹುಮಟ್ಟಿಗೆ ಮುಚ್ಚುತ್ತದೆ. ಮಳೆ ಕೈಕೊಟ್ಟಾಗ ಜನ ಕೂಲಿಗಾಗಿ ಬೆಂಗಳೂರಿಗೆ ಹೋಗುವ ಈ ತಾಲ್ಲೂಕುಗಳಲ್ಲಿ ವಾಚ್‌ಮನ್, ಡ್ರೈವರ್, ಕಾರ್ಖಾನೆ ಕೆಲಸಗಳು ದೊಡ್ಡ ಆಸರೆ. ಅವುಗಳಿಗೇ ಪೊಲೀಸ್ ಪರಿಶೀಲನಾ ಪತ್ರ ಕೇಳುವುದು ಹೆಚ್ಚು. ದುಡಿಮೆ ಇಲ್ಲದಿರುವುದು ಮರು ಅಪರಾಧದ ಗುರುತಿಸಲ್ಪಟ್ಟ ಕಾರಣಗಳಲ್ಲಿ ಒಂದು. ಅಪಾಯಕಾರಿ ಎಂದು ದೂರವಿಡುವುದೇ ಅಪಾಯವನ್ನು ಬೆಳೆಸುತ್ತದೆ. ಜೈಲಿಗೆ ಹೋಗಿ ಬಂದವರೆಲ್ಲ ಅಪರಾಧಿಗಳೆಂಬ ಎಣಿಕೆಯೂ ತಪ್ಪು: 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು.

ಧೋರಣೆಗೆ ಕಡಿವಾಣ

ಧೋರಣೆಯನ್ನು ಮನಸ್ಸಿನಿಂದ ಅಳಿಸಿಹಾಕಲಾಗದು, ಆದರೆ ತೀರ್ಮಾನದ ಮೇಲೆ ಅದರ ಹಿಡಿತವನ್ನು ಸಡಿಲಿಸಬಹುದು. ಪೊಲೀಸ್ ಮತ್ತು ಪರಿವೀಕ್ಷಣಾ ವರದಿಗಳಲ್ಲಿ ಕಂಡ ಸಂಗತಿ, ಕೇಳಿದ ಮಾತು, ಅಧಿಕಾರಿಯ ಅಭಿಪ್ರಾಯ ಈ ಮೂರನ್ನೂ ಬೇರೆ ಬೇರೆಯಾಗಿ ಬರೆಯುವುದು ಮೊದಲ ಹೆಜ್ಜೆ. ಎಲ್ಲ ಪ್ರಕರಣಗಳಲ್ಲೂ ಅದೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳುವುದು, ಆ ವ್ಯಕ್ತಿಯ ಪರವಾದ ಅಂಶಗಳನ್ನೂ ಕಡ್ಡಾಯವಾಗಿ ದಾಖಲಿಸುವುದು, ತೀರ್ಮಾನಕ್ಕೆ ಕಾರಣ ಬರೆಯುವುದು, ಅದನ್ನು ನಿಗದಿತ ಕಾಲಕ್ಕೆ ಮರುಪರಿಶೀಲಿಸುವುದು ಉಳಿದವು. ‘ಅಪಾಯಕಾರಿ’ ಎಂಬ ಒಂದೇ ಪದದ ಬದಲು ಯಾವ ಬಗೆಯ ಕೃತ್ಯ, ಯಾರ ವಿರುದ್ಧ, ಯಾವ ಸಂದರ್ಭದಲ್ಲಿ, ಏನು ಮಾಡಿದರೆ ತಡೆಯಬಹುದು ಎಂದು ಬರೆದರೆ ನೊಂದವರ ರಕ್ಷಣೆಯೂ ಹೆಚ್ಚು ಖಚಿತವಾಗುತ್ತದೆ.

ಮುಖಾಮುಖಿ ಒಡನಾಟ ಇನ್ನೊಂದು ದಾರಿ. ಸಮಾನ ನೆಲೆಯ ಒಡನಾಟ ಪೂರ್ವಗ್ರಹವನ್ನು ತಗ್ಗಿಸುತ್ತದೆ ಎಂದು ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಮಂಡಿಸಿದ ಸಿದ್ಧಾಂತಕ್ಕೆ ಕರ್ನಾಟಕದಲ್ಲಿ ಒಳ್ಳೆಯ ನಿದರ್ಶನವಿದೆ. ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿ ಕಾರಾಗೃಹಗಳ ಬಂದಿಗಳಿಗೆ ನಾಟಕ ಕಲಿಸಿ ಹೊರಗಿನ ರಂಗಮಂದಿರಗಳಲ್ಲಿ ಆಡಿಸಿದರು. ಕೈದಿಯನ್ನು ಸುದ್ದಿಯಲ್ಲಿ ಮಾತ್ರ ಕಂಡಿದ್ದ ಪ್ರೇಕ್ಷಕರು ಅಲ್ಲಿ ಅವನ ದುಡಿಮೆಯನ್ನೂ ಶಿಸ್ತನ್ನೂ ಕಣ್ಣಾರೆ ಕಂಡರು. ಆಡಳಿತದ ಮಟ್ಟದಲ್ಲಿ ಇದಕ್ಕೆ ಸಮನಾದ ಕೆಲಸವೆಂದರೆ ಫಲಿತಾಂಶಗಳ ದಾಖಲೆ: ಪೆರೋಲ್ ಮೇಲೆ ಬಂದು ಹೇಳಿದ ದಿನಕ್ಕೆ ಮರಳಿದವರು, ಮುಚ್ಚಳಿಕೆಯ ಅವಧಿಯನ್ನು ಶಾಂತವಾಗಿ ಮುಗಿಸಿದವರು, ಪ್ರೊಬೇಷನ್ ಪಡೆದು ದುಡಿಮೆಗೆ ಹತ್ತಿದವರು ಎಷ್ಟು ಮಂದಿ ಎಂಬುದನ್ನು ಪ್ರತಿ ಉಪವಿಭಾಗದಲ್ಲೂ ಲೆಕ್ಕ ಇಟ್ಟರೆ ಅಂದಾಜು ಮಾಡುವವರಿಗೆ ತಮ್ಮ ತಪ್ಪುಗಳ ಜತೆಗೆ ತಮ್ಮ ಸರಿಯಾದ ನಂಬಿಕೆಗಳೂ ಕಾಣುತ್ತವೆ.